ಪುಣೆಯಲ್ಲಿದ್ದೂ ಊರಲ್ಲಿ ಹಾಜರ್

ನಮ್ಮ ಕಾಳಗಿ ತಾಲ್ಲೂಕಿನ ಒಂದು ಊರಿನ ಗ್ರಾಮಸಭೆಗೆ ಹೋಗಿದ್ದೆ. ಊರ ಹೆಸರು ಬೇಡ. ಬರೆದರೆ ನಮ್ಮೂರನ್ನು ಯಾಕೆ ಬಿಟ್ರಿ ಎಂದು ಉಳಿದ ಊರಿನವರು ಜಗಳಕ್ಕೆ ಬರುತ್ತಾರೆ. ಹನ್ನೊಂದಕ್ಕೆ ಸಭೆ ಎಂದು ಡಂಗುರ ಸಾರಿದ್ದರು. ಹನ್ನೊಂದೂವರೆಗೆ ಹನುಮಂತದೇವರ ಗುಡಿ ಮುಂದೆ ಒಂದು ಶಾಮಿಯಾನ, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಮೂರು ನಾಯಿ, ಒಬ್ಬ ನೋಡಲ್ ಅಧಿಕಾರಿ. ಜನ ಬಂದದ್ದು ಮಿರ್ಚಿ ಭಜಿಯ ಬುಟ್ಟಿಯ ಹಿಂದೆ.

ಬ್ಯಾನರಿನಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂದಿತ್ತು. ಮೊದಲನೆಯ ‘ನಮ್ಮ’ ಊರವರದು, ಎರಡನೆಯದು ಸಾಹೇಬರದು. ಇದನ್ನು ತಿಳಿದುಕೊಂಡವನಿಗೆ ಮುಂದಿನದೆಲ್ಲ ಸಲೀಸು.

‘ಊರಿಗೆ ಏನೇನು ಬೇಕು, ಮನಸ್ಸು ಬಿಚ್ಚಿ ಹೇಳಿ’ ಎಂದರು ಅಧಿಕಾರಿ. ಅವ್ವ ಒಬ್ಬಳು ಎದ್ದು, ‘ಹೆಣ್ಮಕ್ಕಳಿಗೆ ಬಯಲಿಗೆ ಹೋಗಾಕ ಮರೀನೇ ಇಲ್ರೀ ಸಾಹೇಬ್ರ’ ಎಂದಳು. ‘ಅದು ಬೇರೆ ಸ್ಕೀಮಮ್ಮ.’ ಒಬ್ಬ ತೊಗರಿ ಇಡಾಕ ಗೋದಾಮು ಕೇಳಿದ. ‘ಅದು ಬೇರೆ ಇಲಾಖೆ.’ ಮತ್ತೊಬ್ಬ ಸುಡುಗಾಡಿಗೆ ಹೋಗಾಕ ದಾರಿ ಕೇಳಿದ. ‘ಅದು ಕಂದಾಯದವರದು.’ ಕಡೆಗೆ ಕಟ್ಟೆಯ ಮೇಲೆ ಕುಂತಿದ್ದ ಕಾಕಾ ಬೀಡಿ ಆರಿಸಿ ಹೇಳಿದ: ‘ಹಂಗಾರ ನಿಮ್ಮ ಬಲ್ಲಿ ಏನದ ಅದನ್ನರ ಹೇಳ್ರಿ. ಅದನ್ನೇ ಬೇಡ್ತೀವಿ.’

ಹೈಮಾಸ್ಟ್ ದೀಪ ಇತ್ತು, ಸಿಸಿ ರಸ್ತೆ ಇತ್ತು. ‘ಅವೇ ಬೇಕ್ರಿ’ ಎಂದ ಕಾಕಾ. ಗ್ರಾಮಸ್ಥರು ಒಕ್ಕೊರಲಿನಿಂದ ಹೈಮಾಸ್ಟ್ ದೀಪಕ್ಕೆ ಒತ್ತಾಯಿಸಿದರೆಂದು ನಡಾವಳಿಯಲ್ಲಿ ದಾಖಲಾಯಿತು. ಎಲ್ಲರೂ ಎದ್ದು ನಿಂತು ಫೋಟೊ ತೆಗೆಸಿಕೊಂಡರು. ನಾಯಿಗಳೂ ಬಂದಿವೆ.

ಪಂಚಾಯಿತಿಗಳು ತಮ್ಮ ಲೆಕ್ಕಪತ್ರ ತುಂಬುವ ತಂತ್ರಾಂಶದ ಹೆಸರು ‘ಪಂಚತಂತ್ರ’. ನಗಬೇಡಿ, ಸರ್ಕಾರವೇ ಇಟ್ಟ ಹೆಸರು. ಕ್ರಿ.ಶ. 1031ರ ಸುಮಾರಿಗೆ ಆ ಕಥೆಗಳನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಕಲ್ಯಾಣದ ಚಾಲುಕ್ಯರ ಮಂತ್ರಿ, ಅಂದರೆ ಅವನೂ ಸರ್ಕಾರಿ ನೌಕರನೇ. ಆದರೆ ನರಿ ಹೇಳಿದ್ದನ್ನು ಅವನು ನರಿಯ ಬಾಯಲ್ಲೇ ಹೇಳಿಸಿದ. ನರಿ ಹೇಳಿದ್ದನ್ನು ಕುರಿಗಳ ಒಕ್ಕೊರಲ ನಿರ್ಣಯ ಎಂದು ಬರೆಯುವ ಕಲೆ ಅವನಿಗೆ ಗೊತ್ತಿರಲಿಲ್ಲ.

ಯೋಜನೆಯ ವಿಷಯದಲ್ಲಿ ನಾವು ಬಡವರಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಾಗ ಅದರಲ್ಲಿ ಚಿತ್ತಾಪುರವೂ ಇತ್ತು, ಅದರ ಹೊಟ್ಟೆಯಲ್ಲಿ ಕಾಳಗಿಯೂ ಇತ್ತು. 2018ರಲ್ಲಿ ಅಣ್ತಮ್ಮರು ಬೇರೆಯಾದಂತೆ ನಾವು ಬೇರೆ ತಾಲ್ಲೂಕಾದೆವು. ಹಿಂದುಳಿದಿರುವಿಕೆಯಲ್ಲಿ ಮಾತ್ರ ತಕರಾರಿಲ್ಲದೆ ಸಮಪಾಲು ಸಿಕ್ಕಿತು. ನಮ್ಮ ಭಾಗಕ್ಕೆಂದು ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಬಂತು. ಕಲ್ಯಾಣ ಹೆಸರಿಗೆ ಮುಂಗಡವಾಗಿ ಬಂದಿದೆ, ಬಾಕಿ ಬರಬೇಕು.

ಗ್ರಾಮಸಭೆಯ ಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ, ಹೀಗೆ ಯೋಜನೆ ಕೆಳಗಿನಿಂದ ಮೇಲೇರಬೇಕು ಎನ್ನುತ್ತದೆ ಕಾನೂನು. ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಜನರಿಂದ ಆರಿಸಿ ಬಂದ ಸದಸ್ಯರೇ ಇರಬೇಕಂತೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ದಾಟಿದರೂ ಚುನಾವಣೆ ಇಲ್ಲ. ಯೋಜನೆ ಏರಬೇಕಾದ ಏಣಿಗೆ ನಡುವಿನ ಮೆಟ್ಟಿಲೇ ಇಲ್ಲ. ಆದರೂ ಅದು ಏರಿದೆ ಎಂದು ವರದಿ ಇದೆ. ಹಾರಿ ಏರಿತೋ, ಮೇಲಿನವರೇ ಇಳಿದು ಎತ್ತಿಕೊಂಡು ಹೋದರೋ, ನಡಾವಳಿಯಲ್ಲಿಲ್ಲ.

ಸಭೆ ಮುಗಿದ ಮೇಲೆ ಹಾಜರಿ ಪುಸ್ತಕ ತಿರುವಿದೆ. ಕೋರಂ ಭರ್ತಿ. ಶಾಮಿಯಾನದಡಿ ಕಂಡದ್ದಕ್ಕಿಂತ ಪುಸ್ತಕದಲ್ಲಿ ಮೂರು ಪಟ್ಟು ಜನ. ಒಂದು ಸಹಿ ಕಾಕಾನ ಮಗನದು. ಹುಡುಗ ಇರುವುದು ಪುಣೆಯಲ್ಲಿ. ಸೇಡಂ, ವಾಡಿಯಲ್ಲಿ ಸಿಮೆಂಟು ತಯಾರಾಗುತ್ತದೆ. ಅದನ್ನು ಕಲಸಲು ನಮ್ಮ ಊರು-ತಾಂಡಾಗಳವರು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಕಾಕಾ ಅಲ್ಲೇ ಫೋನ್ ಹಚ್ಚಿದ.

‘ನೀ ಇವತ್ತ ಸಭಾಕ್ಕ ಬಂದಿದ್ದೆಲೇ ತಮ್ಮಾ.’

‘ನಾ ಏನ್ ಕೇಳ್ದೆ ಯಪ್ಪಾ?’

‘ಹೈಮಾಸ್ಟ್ ಲೈಟ್ ಕೇಳ್ದಿ.’

ದೀಪ ಬಂತು, ಬೇಗನೇ ಬಂತು, ಸುಳ್ಳು ಹೇಳಬಾರದು. ಯುಗಾದಿಗೆ ಬಂದ ಹುಡುಗ ಹಬ್ಬ ಮುಗಿಸಿ ಹೊರಟ ರಾತ್ರಿ ನಾನೂ ಅಲ್ಲಿದ್ದೆ. ಕಂಬದಡಿ ಕ್ರೂಸರ್ ನಿಂತಿತ್ತು. ಹಾಸಿಗೆ ಸುರುಳಿ, ರೊಟ್ಟಿ ಗಂಟು, ಎರಡು ಕೊಡ, ನಿದ್ದೆಯಲ್ಲಿದ್ದ ಕೂಸು, ಒಂದೊಂದೇ ಮೇಲೇರಿದವು. ಮೊದಲು ಕತ್ತಲಲ್ಲಿ ಏನಾದರೊಂದು ಬಿಟ್ಟು ಹೋಗುತ್ತಿದ್ದರಂತೆ. ‘ಈಗ ಛಲೋ ಆಗ್ಯಾದ ನೋಡ್ರಿ,’ ಎಂದ ಕಾಕಾ, ‘ಸಾಮಾನ ಎಣಿಸಿ ಇಡಾಕ ಬರ್ತದ.’