ಹಳೇ ಶೇಪೋ, ಹೊಸ ಶೇಪೋ?

ಬೆಂಜ್ ಕಾರು ಕೊಳ್ಳುವವರಿಗೆ ಸಲಹೆ ಕೊಡಲು ನಮ್ಮ ಹತ್ತಿರ ಬೆಂಜ್ ಕಾರು ಇರಬೇಕೆಂದೇನಿಲ್ಲ. ನನ್ನ ಹತ್ತಿರ ಇರುವುದು ಸ್ಕೂಟರ್. ಸಲಹೆಗಾರನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇರಿಲ್ಲ. ನನ್ನ ಮಾತು ಕೇಳಿ ಯಾರು ಯಾವ ಕಾರು ತಂದರೂ ಕಂತು ಕಟ್ಟುವವನು ನಾನಲ್ಲವಲ್ಲ! ಇದನ್ನು ಚೆನ್ನಾಗಿ ಬಲ್ಲವರಾದ್ದರಿಂದಲೇ ನನ್ನ ಷಡ್ಡಕರು 2024ರ ಮಳೆಗಾಲವಿಡೀ ನನಗೆ ಫೋನು ಮಾಡಿದರು.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಾನು ಭಾವ ಅನ್ನುತ್ತೇನೆ, ಅವರು ನನ್ನನ್ನು ಮಾರಾಯ ಅನ್ನುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಗಡಿಬಿಡಿಯ ನಡುವೆಯೇ ಫೋನು ಬರುತ್ತಿತ್ತು.

“ಮಾರಾಯಾ, ಹಳೇ ಇ-ಕ್ಲಾಸು ಈಗ್ಲೇ ತಗಂಡ್ರೆ ಲಕ್ಷಗಟ್ಟಲೆ ಬಿಡ್ತಾರಂತೆ. ಹೊಸಾದು ಅಕ್ಟೋಬರಿಗೆ ಬರ್ತದಂತೆ. ಎಂತ ಮಾಡೋದು?”

“ಭಾವ, ಹಳೇದೇ ತಗೊಳ್ಳಿ.”

“ಹಳೇದು ತಗಂಡ್ರೆ ಅಕ್ಟೋಬರಿಗೆ ಅದು ಹಳೇದಾಗ್ತದಲ್ಲ?”

ಹಳೆಯದು ಹಳೆಯದಾಗುವ ಭಯಕ್ಕೆ ಮದ್ದೆಲ್ಲಿದೆ? “ಹಾಗಾದ್ರೆ ಹೊಸಾದು ತಗೊಳ್ಳಿ” ಎಂದರೆ, “ಹೊಸಾದಕ್ಕೆ ರಿಯಾಯಿತಿ ಇಲ್ವಂತೆ ಮಾರಾಯಾ” ಎಂಬ ಕೊರಗು. ಬೆಲೆ ಹಳೆಯದರದ್ದು ಬೇಕು, ಮುಖ ಹೊಸದರದ್ದು ಬೇಕು. ಅಂಥ ಕಾರು ಬೆಂಜ್ ಕಂಪನಿಯ ಚಾಕಣದ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ.

ನಮ್ಮ ಅಪ್ಪಂದಿರ ಕಾಲದಲ್ಲಿ ಈ ಸಂಕಟ ಇರಲಿಲ್ಲ. ಅಂಬಾಸಿಡರ್ ಮಾರ್ಕ್ 2 ಹೋಗಿ 1975ರಲ್ಲಿ ಮಾರ್ಕ್ 3 ಬಂತು, 1979ರಲ್ಲಿ ಮಾರ್ಕ್ 4 ಬಂತು. ಮೂತಿಯ ಜಾಲರಿ ಬದಲಾಯಿಸಿ, ದೀಪ ಅತ್ತಿತ್ತ ಮಾಡಿದರೆ ಹೊಸ ಮಾಡೆಲ್ ತಯಾರ್. ಒಳಗಿನ ಎಂಜಿನ್ನು ಮಾತ್ರ ಹಿಂದಿನದೇ. ಬುಕ್ ಮಾಡಿದವನು ವರ್ಷಗಟ್ಟಲೆ ಕಾಯುತ್ತಿದ್ದ. ಸರದಿ ಬಂದಾಗ ಮನೆಗೆ ಯಾವ ಮಾರ್ಕ್ ಬಂದರೂ ಅದರ ಮೂತಿಗೆ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ. ಆಯ್ಕೆಯೇ ಇಲ್ಲದಾಗ ಮನುಷ್ಯ ಎಷ್ಟು ನೆಮ್ಮದಿಯಾಗಿರುತ್ತಾನೆ ನೋಡಿ.

ಬೆಂಜ್ ಕಂಪನಿ ನಮ್ಮ ದೇಶಕ್ಕೆ ಬಂದಿದ್ದಂತೂ ಹಳೇ ಶೇಪನ್ನು ಹಿಡಿದುಕೊಂಡೇ. ಈ ಸಂಗತಿಯನ್ನು ನಾನು ಭಾವನ ಮುಂದೆ ಬ್ರಹ್ಮಾಸ್ತ್ರದಂತೆ ಪ್ರಯೋಗಿಸಿದೆ. 1994ರಲ್ಲಿ ಟೆಲ್ಕೋ ಜೊತೆ ಸೇರಿ ಕಂಪನಿ ಶುರುವಾಯಿತು. 1995ರಲ್ಲಿ ಪುಣೆಯಲ್ಲಿ ಮೊದಲ ಇ-ಕ್ಲಾಸ್ ಹೊರಬಂತು. ಕಾರಿನ ಪಂಡಿತರು ಡಬ್ಲ್ಯು 124 ಎಂದು ಕರೆಯುವ ಮಾಡೆಲ್ ಅದು. ಅದೇ ವರ್ಷ ಜರ್ಮನಿಯಲ್ಲಿ ಅದಕ್ಕೆ ಹಾರ ಹಾಕಿ ಬೀಳ್ಕೊಟ್ಟು, ದುಂಡನೆಯ ನಾಲ್ಕು ಕಣ್ಣಿನ ಡಬ್ಲ್ಯು 210 ಅನ್ನು ಮಾರಲು ಶುರುಮಾಡಿದ್ದರು. ಅಲ್ಲಿ ನಿವೃತ್ತಿ ಪಡೆದವರು ಇಲ್ಲಿ ಅಧಿಕಾರ ವಹಿಸಿಕೊಂಡರು ಅನ್ನಿ. ವಿದೇಶಕ್ಕೆ ಹೋಗಿಬಂದ ಸಿರಿವಂತರು ಇದನ್ನು ಗಮನಿಸದೆ ಇರುತ್ತಾರೆಯೇ? ಮೂಗು ಮುರಿದರು.

ಮುಂದೆ ಏನಾಯಿತು? ನಾಲ್ಕು ಕಣ್ಣಿನ ಹೊಸ ಚೆಲುವ ಯುರೋಪಿನ ತುಂಬ ತುಕ್ಕಿಗೆ ಹೆಸರುವಾಸಿಯಾದ. ಚೌಕಾಕಾರದ ಹಳಬ ಮಾತ್ರ ಗಟ್ಟಿತನಕ್ಕೆ ಇವತ್ತಿಗೂ ಮೇಲ್ಪಂಕ್ತಿ. ಬೆಂಗಳೂರಿನ ಹಳೇ ಕಾರಿನ ಹುಚ್ಚರು ಈಗಲೂ ಒಳ್ಳೆಯ ಡಬ್ಲ್ಯು 124 ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

“ಅದೊಂದು ಸಲ ಹಂಗಾಯ್ತು” ಎಂದರು ಭಾವ.

ಒಂದೇ ಸಲವಲ್ಲ. 2002ರಲ್ಲಿ ಮುಂದಿನ ಇ-ಕ್ಲಾಸ್ ಬಂದಾಗ ಅದರ ದೊಡ್ಡ ಹೆಗ್ಗಳಿಕೆ ಎಲೆಕ್ಟ್ರಾನಿಕ್ ಬ್ರೇಕು. ಪೆಡಲ್ ತುಳಿದರೆ ಕಂಪ್ಯೂಟರು ಯೋಚನೆ ಮಾಡಿ, ಯಾವ ಚಕ್ರಕ್ಕೆ ಎಷ್ಟು ಒತ್ತಡ ಅಂತ ತೀರ್ಮಾನಿಸುವ ಏರ್ಪಾಡು. 2004ರ ಮೇನಲ್ಲಿ ಈ ಬ್ರೇಕಿನ ದುರಸ್ತಿಗೆಂದೇ ಜಗತ್ತಿನಾದ್ಯಂತ 6,80,000 ಕಾರುಗಳನ್ನು ವಾಪಸು ಕರೆಸಿದರು. 2006ರಲ್ಲಿ ಅದೇ ಮಾಡೆಲಿಗೆ ಮುಖ ತಿದ್ದಿದಾಗ ಆ ಬ್ರೇಕನ್ನು ಕಿತ್ತು ಸಾಮಾನ್ಯ ಬ್ರೇಕನ್ನೇ ಕೂರಿಸಿದರು. ಅಂದರೆ ಆ ತಲೆಮಾರಿನಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದಾಗಿದ್ದದ್ದು ಕೊನೆಗಾಲದ ಕಾರು. ಹೊಸ ಮಾಡೆಲಿನ ಮೊದಲ ವರ್ಷ ಗಿರಾಕಿಯೂ ಒಂದು ಲೆಕ್ಕದಲ್ಲಿ ಕಂಪನಿಯ ಪರೀಕ್ಷಾ ವಿಭಾಗದ ನೌಕರನೇ. ಸಂಬಳ ಮಾತ್ರ ಅವನೇ ಕೊಡಬೇಕು.

ಈ ಉಪನ್ಯಾಸಕ್ಕೆಲ್ಲ ಭಾವ ಹೂಂಗುಟ್ಟಿದರು. ಮಾರನೆಯ ದಿನ ಮತ್ತೆ ಫೋನು: “ಹೊಸಾದ್ರಲ್ಲಿ ಮೂರು ಟೀವಿ ಇದಾವಂತೆ.”

ಇವೆ. ಡ್ರೈವರ್ ಮುಂದೊಂದು 12.3 ಇಂಚಿನದು, ನಡುವೆ 14.4 ಇಂಚಿನದು, ಪಕ್ಕದ ಸೀಟಿನವರಿಗೆ ಪ್ರತ್ಯೇಕ ಇನ್ನೊಂದು. ಡ್ಯಾಶ್‌ಬೋರ್ಡ್ ಮೇಲೆ ಸೆಲ್ಫಿ ತೆಗೆಯಲು ಕ್ಯಾಮೆರಾ. 17 ಸ್ಪೀಕರುಗಳು. ಹಿಂದಿನ ದೀಪದೊಳಗೆ ನಕ್ಷತ್ರ. ಇಷ್ಟೆಲ್ಲ ಇರುವ ಕಾರಿನಲ್ಲಿ ಎ.ಸಿ.ಗೆ ಮಾತ್ರ ಗುಂಡಿ ಇಲ್ಲ, ಅದು ಪರದೆಯೊಳಗೆ ಹೊಕ್ಕು ಕುಳಿತಿದೆ. ಹಳೆಯದರಲ್ಲಿ ಗಾಳಿಕಿಂಡಿಗಳ ಕೆಳಗೆ ಸಾಲಾಗಿ ಲೋಹದ ಗುಂಡಿಗಳಿದ್ದವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸುತ್ತಲೇ, ರಸ್ತೆಯಿಂದ ಕಣ್ಣು ಕೀಳದೆ, ಬೆರಳಿನಿಂದ ತಡಕಿ ಚಳಿ ಕಡಿಮೆ ಮಾಡಬಹುದಿತ್ತು. ಎರಡೂ ಕಾರುಗಳು 5 ಮೀಟರಿಗಿಂತ ಉದ್ದ. ಆ ಉದ್ದವನ್ನು ಸೋಮೇಶ್ವರದ ಕಡೆಯಿಂದ ಮೇಲಕ್ಕೆ ಹತ್ತಿಸುವವನಿಗೆ ಟೀವಿ ನೋಡುವ ಪುರುಸೊತ್ತು ಎಲ್ಲಿರುತ್ತದೆ? ಭಾವನ ಡ್ರೈವರ್ ಶೋರೂಮಿನಲ್ಲಿ ಹೊಸ ಕಾರಿನೊಳಗೆ ಕುಳಿತು ಒಂದೇ ಪ್ರಶ್ನೆ ಕೇಳಿದನಂತೆ: “ಸಾರ್, ಇದನ್ನ ಒರೆಸೋ ಬಟ್ಟೆ ಕೊಡ್ತಾರಾ?” ಇಡೀ ಪ್ರಸಂಗದಲ್ಲಿ ಕಾರನ್ನು ನಿಜವಾಗಿ ಓಡಿಸುವವನು ಅವನೊಬ್ಬನೇ. ಅವನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಂಜಿನ್ನಿನ ವಿಷಯ ಭಾವನಿಗೆ ಬೇಕಾಗಿರಲಿಲ್ಲ, ನನಗೆ ಹೇಳದಿದ್ದರೆ ತಡೆಯುತ್ತಿರಲಿಲ್ಲ. ಹಳೆಯದರಲ್ಲಿ ಆರು ಸಿಲಿಂಡರಿನ ಡೀಸೆಲ್ ಸಿಗುತ್ತಿತ್ತು, ಇ 350ಡಿ. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗುತ್ತದೆ ಎಂದು ಓಡಿಸಿದವರು ಕಣ್ಣುಮುಚ್ಚಿ ಹೇಳುತ್ತಾರೆ. ಹೊಸದು ಬಂದಾಗ ಆರು ಸಿಲಿಂಡರು ಪೆಟ್ರೋಲಿಗೆ ಮಾತ್ರ ಉಳಿಯಿತು, ಡೀಸೆಲ್ ಬೇಕೆಂದವರಿಗೆ ನಾಲ್ಕೇ. ಈ ಒಂದು ಕಾರಣಕ್ಕೆ ಹಳೇ ಶೇಪನ್ನು ಹುಡುಕಿಕೊಂಡು ಹೋಗಿ ಕೊಂಡರೆ ನಾನು ಅಂಥವರಿಗೆ ಕೈ ಮುಗಿಯುತ್ತೇನೆ.

ಹಿಂದಿನ ಸೀಟಿನ ಪರೀಕ್ಷೆಗೆ ಅತ್ತೆಯನ್ನು ಕರೆದುಕೊಂಡು ಹೋಗಲಾಯಿತು. ಷಡ್ಡಕರಾದ ನಮ್ಮಿಬ್ಬರಿಗೂ ಅತ್ತೆ ಒಬ್ಬರೇ ಆದ್ದರಿಂದ ತೀರ್ಪು ನಿಷ್ಪಕ್ಷಪಾತವಾಗಿರುತ್ತದೆಂದು ನಂಬಿಕೆ. ನಮ್ಮ ದೇಶದಲ್ಲಿ ಮಾರುವ ಇ-ಕ್ಲಾಸ್ ಉದ್ದನೆಯ ಅವತಾರ. ಬಲಗಡೆ ಸ್ಟೇರಿಂಗಿನ ಉದ್ದ ಇ-ಕ್ಲಾಸ್ ಬೇರೆ ಯಾವ ದೇಶದಲ್ಲೂ ಸಿಗುವುದಿಲ್ಲ. ಕಾರಣ ಗೊತ್ತಿರುವುದೇ, ಇಲ್ಲಿ ಯಜಮಾನರು ಹಿಂದೆ ಕೂರುತ್ತಾರೆ. ಹಳೆಯದರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3,079 ಮಿಲಿಮೀಟರ್, ಹೊಸದರಲ್ಲಿ 3,094. ನಾನು ಕಾಗದದ ಮೇಲೆ ಕಳೆದು 15 ಮಿಲಿಮೀಟರ್ ಎಂದೆ. ಭಾವ ತೋರುಬೆರಳು, ಹೆಬ್ಬೆರಳು ಹತ್ತಿರ ತಂದು ನೋಡಿ, “ಒಂದು ಚಾಲಿ ಅಡಿಕೆಯಷ್ಟೂ ಇಲ್ಲ” ಎಂದರು.

ಅತ್ತೆಗೆ ಮಿಲಿಮೀಟರು ಬೇಕಿಲ್ಲ. ಎರಡರಲ್ಲೂ ಸೀಟು ಹಿಂದಕ್ಕೆ ಒರಗುತ್ತದೆ. ಹೊಸದರಲ್ಲಿ ತೊಡೆಯ ಕೆಳಗಿನ ಆಸರೆಯೂ ಮುಂದಕ್ಕೆ ಚಾಚುತ್ತದೆ. ಮಂಡಿನೋವಿನವರಿಗೆ ಅದು ನಿಜವಾದ ಸುಖ ಎಂದು ಅತ್ತೆ ಒಪ್ಪಿದರು. ಆದರೆ ಹೊಸದರ ಬಾಗಿಲಿನ ಹಿಡಿಕೆ ಮೈಯೊಳಗೆ ಅಡಗಿರುತ್ತದೆ, ಬೀಗ ತೆಗೆದಾಗ ಮಾತ್ರ ಹೊರಬರುತ್ತದೆ. “ಬಾಗ್ಲಿಗೆ ಹಿಡಿಕೆ ಇಲ್ದಿದ್ರೆ ಬಂದೋರು ಒಳಗೆ ಬರೋದು ಹ್ಯಾಂಗಾ?” ಎಂದು ಅವರು ಕೇಳಿದ್ದಕ್ಕೆ ಸೇಲ್ಸ್ ಹುಡುಗ ರಿಮೋಟ್ ಒತ್ತಿ ತೋರಿಸಿದ. ಹಿಡಿಕೆ ತಾನಾಗಿ ಹೊರಗೆ ಬಂದಿದ್ದು ನೋಡಿ ಅತ್ತೆ ಹಿಂದೆ ಸರಿದರು.

ಡಿಕ್ಕಿ ತೆರೆದಾಗ ಮಾತ್ರ ಹೊಸದು ನೂರಕ್ಕೆ ನೂರು ಗೆದ್ದಿತು. ಹಳೆಯದರಲ್ಲಿ ಸ್ಟೆಪ್ನಿ ಡಿಕ್ಕಿಯ ನಡುಮನೆಯಲ್ಲೇ ಅಳಿಯನಂತೆ ಕಾಲು ಚಾಚಿ ಮಲಗಿರುತ್ತಿತ್ತು. ಅಷ್ಟೊಂದು ದುಡ್ಡು ಕೊಟ್ಟವರು ಮದುವೆಗೆ ಹೊರಟಾಗ ಸೂಟ್‌ಕೇಸನ್ನು ಮಡಿಲಲ್ಲಿಟ್ಟುಕೊಳ್ಳಬೇಕೇ? ಹೊಸದರಲ್ಲಿ ಸ್ಟೆಪ್ನಿ ನೆಲದ ಅಡಿಗೆ ಹೋಗಿದೆ. ಮೂರು ಟೀವಿಗಿಂತ ಇದು ದೊಡ್ಡ ಸುಧಾರಣೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಲೆಕ್ಕ. 2024ರ ಅಕ್ಟೋಬರ್ 9ಕ್ಕೆ ಹೊಸ ಶೇಪು ಬಿಡುಗಡೆಯಾದಾಗ ಎಕ್ಸ್-ಶೋರೂಂ ಬೆಲೆ 78.5 ಲಕ್ಷದಿಂದ ಶುರು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ಸು. ಬರೀ ಇಷ್ಟಕ್ಕೇ 15 ಲಕ್ಷ ದಾಟುತ್ತದೆ. ಆ ದುಡ್ಡಿಗೆ ಒಂದು ಒಳ್ಳೆಯ ಕಾರು ಬರುತ್ತದೆ. ನಾವು ಅದನ್ನು ವಿಧಾನಸೌಧಕ್ಕೆ ಉಡುಗೊರೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ವಿಮೆಯವರು ಮೊದಲ ವರ್ಷ ತುಂಬುವಷ್ಟರಲ್ಲಿ ಕಾರಿನ ಮೌಲ್ಯದಲ್ಲಿ ಶೇ. 15 ಕಳೆಯುತ್ತಾರೆ, ಐದನೆಯ ವರ್ಷಕ್ಕೆ ಅರ್ಧ ಕರಗಿರುತ್ತದೆ. ಅವರ ಪಟ್ಟಿಯಲ್ಲಿ ಶೇಪಿನ ಮಾತೇ ಇಲ್ಲ, ವಯಸ್ಸೊಂದೇ. ಆದರೆ ಸೆಕೆಂಡ್‌ಹ್ಯಾಂಡ್ ದಲ್ಲಾಳಿ ಮೊದಲು ಕೇಳುವುದೇ “ಹಳೇ ಶೇಪಾ, ಹೊಸ ಶೇಪಾ?” ಎಂದು. ಹಾಗಾಗಿ ರಿಯಾಯಿತಿ ಎಂದು ಕೊಳ್ಳುವಾಗ ಸಿಕ್ಕಿದ್ದನ್ನು ಮೂರು ವರ್ಷಕ್ಕೆ ಮಾರಹೊರಟರೆ ದಲ್ಲಾಳಿ ವಾಪಸು ಕಿತ್ತುಕೊಳ್ಳುತ್ತಾನೆ. ಹತ್ತು ವರ್ಷ ಇಟ್ಟುಕೊಂಡರೆ ಅವನಿಗೂ ಕೀಳಲು ಏನೂ ಉಳಿದಿರುವುದಿಲ್ಲ, ರಿಯಾಯಿತಿ ನಿಮ್ಮ ಜೇಬಿನಲ್ಲೇ ಭದ್ರ.

ಇಷ್ಟೆಲ್ಲ ತೂಗಿ ನಾನು ಬರಹದಲ್ಲೇ ಕೊಟ್ಟ ತೀರ್ಪು ಹಳೇ ಶೇಪಿನ ಪರವಾಗಿತ್ತು. ಭಾವ ಕಾರನ್ನು ಹತ್ತು ವರ್ಷ ಬಿಡುವವರಲ್ಲ, ಅವರ ತೋಟದ ಜೀಪಿಗೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ಅವರು ಓದಿ, ಮಡಚಿ, ಜೇಬಿಗಿಟ್ಟುಕೊಂಡು, ಹೊಸ ಶೇಪಿಗೆ ಬುಕಿಂಗ್ ಮಾಡಿಬಂದರು.

ಕಾರಣ ಕೇಳಿದೆ. ಟೀವಿ ಅನ್ನುತ್ತಾರೇನೋ, ಅತ್ತೆಯ ಮಂಡಿ ಅನ್ನುತ್ತಾರೇನೋ, ಕೊನೆಗೆ ಸ್ಟೆಪ್ನಿಯಾದರೂ ಬರುತ್ತದೇನೋ ಎಂದುಕೊಂಡರೆ, “ಹೊಳೆಯಾಚೆ ತೋಟದವ್ರು ಹಳೇ ಶೇಪು ತಂದಾರೆ ಮಾರಾಯಾ” ಎಂದರು.

ಮಳೆಗಾಲದ ಮೊದಲ ದಿನವೇ ಇದೊಂದು ವಾಕ್ಯ ಹೇಳಿದ್ದರೆ ಇಬ್ಬರ ಫೋನ್ ಬಿಲ್ಲೂ ಉಳಿಯುತ್ತಿತ್ತು. ಚಕ್ರಗಳ ಅಂತರ, ಸಿಲಿಂಡರು, ಸವಕಳಿ ಎಲ್ಲ ಮನೆಯವರನ್ನು ಒಪ್ಪಿಸಲು ಬೇಕಾದ ಸಾಮಗ್ರಿ. ಯಾವ ಶೇಪು ಎಂಬುದನ್ನು ತೀರ್ಮಾನಿಸುವುದು ಹೊಳೆಯಾಚೆಯ ಮನೆ. ಕಂಪನಿಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ದೀಪದೊಳಗೆ ನಕ್ಷತ್ರ ಇಟ್ಟಿದ್ದಾರೆ. ಒಳಗೆ ಕೂತವರಿಗೆ ಅದು ಕಾಣಿಸುವುದಿಲ್ಲ, ಹಿಂದೆ ಬರುವವರಿಗೆ ಕಾಣಿಸುತ್ತದೆ.

ಭಾವನಿಗೂ ಹೊಳೆಯಾಚೆಯವರಿಗೂ ಒಟ್ಟಿಗೇ ಹೊಟ್ಟೆ ಉರಿದದ್ದು 2025ರ ಸೆಪ್ಟೆಂಬರ್ 22ರಂದು. ಅಲ್ಲಿಯವರೆಗೆ ಇಂಥ ಸೆಡಾನುಗಳಿಗೆ ಜಿ.ಎಸ್.ಟಿ., ಸೆಸ್ಸು ಸೇರಿ ಶೇ. 48 ಇದ್ದ ತೆರಿಗೆ ಅಂದಿನಿಂದ ಶೇ. 40ಕ್ಕೆ ಇಳಿಯಿತು. ಹಳೇ ಶೇಪು, ಹೊಸ ಶೇಪು ಎರಡನ್ನೂ ಕೊಳ್ಳದೆ ಸುಮ್ಮನಿದ್ದವನೇ ಜಾಣನಾಗಿಬಿಟ್ಟ.

ಆದರೂ ಹಳೇ ಶೇಪಿನ ಮೇಲೆ ಮನಸ್ಸಿರುವವರಿಗೆ ನನ್ನ ಮಾತು ಇಷ್ಟೇ. ಮೂರು-ನಾಲ್ಕು ವರ್ಷಕ್ಕೆ ಕಾರು ಬದಲಾಯಿಸುವ ಪೈಕಿಯಾದರೆ ಕಣ್ಣುಮುಚ್ಚಿ ಹೊಸದು ತಗೊಳ್ಳಿ. ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಹೋಗುವ ಮಾಡೆಲಿನ ಕೊನೆಯ ಕಾರುಗಳಿಗಿಂತ ಪಳಗಿದ್ದು ಸಿಗುವುದಿಲ್ಲ. ಆದರೆ ರಿಯಾಯಿತಿಯ ಮೊತ್ತ ಕೇಳುವ ಮೊದಲು ಚಾಸಿ ನಂಬರ್ ಕೇಳಿ. ತಯಾರಾದ ತಿಂಗಳು, ವರ್ಷ ಅದರಲ್ಲೇ ಇರುತ್ತದೆ. ಯಾರ್ಡಿನಲ್ಲಿ ಒಂದು ವರ್ಷ ಬಿಸಿಲು ಮಳೆ ಕಂಡ ಕಾರಾಗಿದ್ದರೆ ಇನ್ನೆರಡು ಲಕ್ಷ ಇಳಿಸದೆ ಕುರ್ಚಿಯಿಂದ ಏಳಬೇಡಿ, ಅವರು ಕೊಡುವ ಕಾಫಿಯನ್ನು ಎರಡನೇ ಸಲ ತರಿಸಿ ಕುಡಿಯಿರಿ.