ಗ್ರೀಕ್ ರಾಯರು

ಮೈಸೂರಿನ ಪ್ರತಿ ಬಡಾವಣೆಯಲ್ಲೂ ಇಂಥ ಒಬ್ಬ ರಾಯರಿರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಪಾರ್ಕ್ ಸಮಿತಿಯ ಕಾರ್ಯದರ್ಶಿ, ಗಣೇಶೋತ್ಸವದ ಖಜಾಂಚಿ. ಅವರ ಚಪಲ ಒಂದೇ. ಯಾವ ಸಂಘ ಹುಟ್ಟಿದರೂ ಅದಕ್ಕೊಂದು ಧ್ಯೇಯವಾಕ್ಯ ಬೇಕು, ಅದು ಯಾರಿಗೂ ಥಟ್ಟನೆ ಅರ್ಥವಾಗಬಾರದು.

ತಪ್ಪು ಅವರೊಬ್ಬರದೇ ಅಲ್ಲ, ಊರಿನದೂ ಇದೆ. ಅರಮನೆಯ ಹೆಬ್ಬಾಗಿಲ ಕಮಾನಿನ ಮೇಲೆ ಉಪನಿಷತ್ತು ಕೂತು, ಎಂದಿಗೂ ಅಂಜದವನ ಮಾತಾಡುತ್ತದೆ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಜ್ಞಾನಕ್ಕೆ ಸಾಟಿಯಿಲ್ಲವೆಂಬ ಗೀತೆಯ ಮಾತನ್ನು ಲಾಂಛನಕ್ಕೇರಿಸಿಕೊಂಡಿದೆ. ಎಲ್‌ಐಸಿಯ ಲಾಂಛನದಲ್ಲೂ ಗೀತೆಯೇ. ಇಂಥ ಊರಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಕಾಲಾಡಿಸುವ ಹನ್ನೊಂದು ಮಂದಿ ಟೀ ಶರ್ಟಿನ ಬೆನ್ನಿಗೆ ‘ನಡಿಗೆ ಬಿಡಬೇಡ’ ಎಂದು ಕನ್ನಡದಲ್ಲಿ ಬರೆಸಿಕೊಳ್ಳುವುದುಂಟೆ? ಸಂಸ್ಕೃತವೂ ಈಚೆಗೆ ಸಸ್ತಾ ಆಗಿದೆ. ಗೋಕುಲಂಗೆ ಯೋಗ ಕಲಿಯಲು ಬರುವ ಪರದೇಶದವರ ತೋಳಿನ ಮೇಲೂ ಅದೇ ಹಚ್ಚೆ. ಹಾಗಾಗಿ ರಾಯರು ಪ್ರಾಚೀನ ಗ್ರೀಕಿಗೆ ಕೈಹಾಕಿದರು.

ಬಂಡವಾಳ ಇಲ್ಲದೆ ಅಲ್ಲ. ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವರಿಗೆ ಆಲ್ಫಾ, ಬೀಟಾ, ಸಿಗ್ಮಾ, ಪೈ ಎಂದು ಅರ್ಧ ವರ್ಣಮಾಲೆ ಹೇಗೂ ಬರುತ್ತದೆ. ಉಳಿದರ್ಧಕ್ಕೆ ಮೊಬೈಲಿದೆ. ಆದರೆ ಮೊಬೈಲು ಕೊಟ್ಟದ್ದು ಈಗಿನ ಅಥೆನ್ಸಿನ ಬಸ್‌ ಸ್ಟ್ಯಾಂಡಿನಲ್ಲಿ ಆಡುವ ಗ್ರೀಕು. ಸಾಕ್ರಟೀಸನ ಬಾಯಲ್ಲಿ ಬಾರದ ಮಾತು ತಮಗೆ ಬೇಡವೆಂದು ರಾಯರು ಹಳೇ ಪುಸ್ತಕದಂಗಡಿಯಿಂದ ಒಂದು ವ್ಯಾಕರಣ ತಂದು, ಪಕ್ಕದ ರಸ್ತೆಯ ಸಂಸ್ಕೃತದ ಶಾಸ್ತ್ರಿಗಳ ಜಗುಲಿಗೆ ಹೋದರು.

“ಯಾರಿಗೆ ರಾಯರೇ ಈ ಉಪದೇಶ? ಒಬ್ಬರಿಗೋ, ಬಹಳ ಜನಕ್ಕೋ?”

“ಹನ್ನೊಂದು ಜನ, ಶಾಸ್ತ್ರಿಗಳೇ.”

“ಮಳೆ ಬಂದರೆ?”

“ಇಬ್ಬರು.”

“ಹಾಗಾದರೆ ದ್ವಿವಚನ ಇಟ್ಟುಕೊಳ್ಳಿ. ಪುಸ್ತಕದಲ್ಲಿ ನೋಡಿ, ಅವರಿಗೂ ಇದೆ.”

ಇತ್ತು. ಹೋಮರನಲ್ಲೂ ಅಥೆನ್ಸಿನವರ ಹಳೆಯ ಗ್ರೀಕಿನಲ್ಲೂ ದ್ವಿವಚನವಿದೆ, ಆತ್ಮನೇಪದದ ಒಡಹುಟ್ಟೂ ಇದೆ. ನಿಷೇಧಕ್ಕೆ ಅವರು ಬಳಸುವ ‘ಮೇ’ ನಮ್ಮ ‘ಮಾ’ದ ದಾಯಾದಿ ಎಂದು ತಿಳಿದಾಗ ಶಾಸ್ತ್ರಿಗಳು ಕಾಫಿ ತರಿಸಿದರು. ತೊಡಕು ಆಮೇಲೆ ಶುರುವಾಯಿತು. ಗ್ರೀಕಿನಲ್ಲಿ ‘ಬೇಡ’ ಎನ್ನಲು ಎರಡು ದಾರಿ. ಮಾಡುತ್ತಿರುವುದನ್ನು ನಿಲ್ಲಿಸು ಎನ್ನಲು ಸಾಮಾನ್ಯವಾಗಿ ಒಂದು ರೂಪ, ಮಾಡಲು ಹೋಗಲೇಬೇಡ ಎನ್ನಲು ಇನ್ನೊಂದು. “ನಿಮ್ಮವರು ನಡಿಗೆ ಬಿಟ್ಟಾಗಿದೆಯೋ, ಇನ್ನು ಬಿಡುವವರಿದ್ದಾರೋ?” ಎಂದು ಶಾಸ್ತ್ರಿಗಳು ಕೇಳಿದರು. ಸದಸ್ಯರ ಪಟ್ಟಿ ನೆನೆದು ರಾಯರು ಎರಡನೇ ಲೋಟ ಕಾಫಿ ಕುಡಿದರು.

ತಾವಾಗಿ ಕಟ್ಟುವ ಗೋಜು ಬಿಟ್ಟು ಸಿದ್ಧ ಮಾತನ್ನೇ ಆರಿಸುವುದೆಂದಾಯಿತು. ಕ್ರಿ.ಪೂ. 480ರಲ್ಲಿ ಥರ್ಮೋಪಿಲೆಯ ಕಣಿವೆಯಲ್ಲಿ ಪರ್ಷಿಯದ ದೊರೆ ಆಯುಧ ಒಪ್ಪಿಸು ಎಂದಾಗ ಸ್ಪಾರ್ಟಾದ ಲಿಯೋನಿಡಾಸ್ ಕೊಟ್ಟ ಉತ್ತರವೆಂದು ಪ್ಲೂಟಾರ್ಕ್ ಹೇಳುವ ಎರಡು ಪದ, ‘ಮೊಲೋನ್ ಲಬೇ’. ಇಂಗ್ಲಿಷಿನವರು ಇದಕ್ಕೆ ನಡುವೆ ‘ಮತ್ತು’ ಸೇರಿಸಿ ಒದ್ದಾಡುತ್ತಾರೆ. ಕನ್ನಡಕ್ಕೆ ಪದಕ್ಕೆ ಪದ ಕೂತುಬಿಡುತ್ತದೆ: ‘ಬಂದು ತಗೋ’. ಅಲ್ಲೇ ಎಡವಟ್ಟಾದದ್ದು. ಅರ್ಥ ತಿಳಿದ ಸದಸ್ಯರೊಬ್ಬರು, “ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ದಿನಾ ಹೀಗೇ ಅಂತಾಳಲ್ಲ ಸ್ವಾಮಿ” ಎಂದರು.

ರಾಯರಿಗೆ ಈ ಮಾತು ನಾಟಿತು. ಗ್ರೀಕಿಗೂ ಮೈಸೂರಿಗೂ ಇರುವ ನಂಟು ಇವರಿಗೆ ಗೊತ್ತಿಲ್ಲ ಎಂದು ಮರುದಿನದಿಂದ ಏರಿಯ ಮೇಲೆ ಉಪನ್ಯಾಸ. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಬಿಎಂಶ್ರೀ ಸೋಫೋಕ್ಲಿಸ್‌ನ ಅಯಾಸನನ್ನು ‘ಅಶ್ವತ್ಥಾಮನ್’ ಮಾಡಿ ಕುರುಕ್ಷೇತ್ರಕ್ಕೆ ತಂದರು, ‘ಪಾರಸಿಕರು’ ಬರೆದರು. (ಬಿಎಂಶ್ರೀ ಟೀ ಶರ್ಟಿಗಾಗಿ ಬರೆಯಲಿಲ್ಲ, ಅದನ್ನು ರಾಯರಿಗೆ ಹೇಳುವವರಾರು?) ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ 413ನೇ ಪಪೈರಸ್ಸಿನದು ಇನ್ನೂ ದೊಡ್ಡ ಕಥೆ. ಅದೊಂದು ಗ್ರೀಕ್ ಪ್ರಹಸನ. ಕಥಾನಾಯಕಿ ಕ್ಯಾರಿಟಿಯಾನ್ ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದಿರುತ್ತಾಳೆ, ಸ್ಥಳೀಯರು ಏನೇನೋ ಮಾತಾಡುತ್ತಾರೆ. ಆ ಮಾತು ಕನ್ನಡವಿರಬೇಕೆಂದು 1904ರಲ್ಲಿ ಜರ್ಮನ್ ಪಂಡಿತ ಹುಲ್ಟ್ಷ್ ಬರೆದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಶಾಮಶಾಸ್ತ್ರಿಗಳೂ ಅದರಲ್ಲಿ ಕನ್ನಡ ಕಂಡರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ರಾಯರಲ್ಲಿ ಇದೆ.

“ಅದರಲ್ಲಿ ಕನ್ನಡದೋರು ಏನಂತಾರೆ?” ಎಂದರು ಸೊಪ್ಪಿನವಳ ಮಾತೆತ್ತಿದ್ದ ಅದೇ ಸದಸ್ಯರು.

ಪಂಡಿತರು ಓದಿದ ಪ್ರಕಾರ ಅದು ಪಾತ್ರೆಗೆ ಸ್ವಲ್ಪ ಮದ್ಯ ಹಾಕುವ ಮಾತು. ರಾಯರು ಕೆಮ್ಮಿ, ಪ್ರಹಸನದ ಕೋಡಂಗಿಯ ಕಡೆ ಹೊರಳಿದರು. ಅದು ಇನ್ನೂ ಕೆಟ್ಟಿತು. ಆ ಕೋಡಂಗಿ ವೈರಿಗಳನ್ನು ಓಡಿಸಲು ಬಳಸುವ ಅಸ್ತ್ರ ಅಪಾನವಾಯು. ಈಗ ನಗೆಕೂಟದ ಕಾರ್ಯದರ್ಶಿ ರಾಯರ ಬೆನ್ನು ಬಿದ್ದಿದ್ದಾರೆ: ಅಸ್ತ್ರಕ್ಕೆ ಗ್ರೀಕಿನಲ್ಲಿ ಏನಂತಾರೆ ಹೇಳಿ, ಟೀ ಶರ್ಟಿನ ಖರ್ಚು ನಮ್ಮದು.