ನಿಮಿಷಕ್ಕೆ 12 ಪೈಸೆ

"ನಿಮಿಷಕ್ಕೆ ಹನ್ನೊಂದೂವರೆ ಪೈಸೆ ಬಿತ್ತು ಕಣಯ್ಯಾ!"

ರಾತ್ರಿ ಒಂದೂಕಾಲಿಗೆ ಫೋನ್ ಬಡಿದುಕೊಂಡರೆ ನನ್ನ ವಯಸ್ಸಿನವರ ಎದೆ ಮೊದಲು ಊರಲ್ಲಿರುವ ಹಿರಿಯರನ್ನೆಲ್ಲ ಒಂದು ಸುತ್ತು ಎಣಿಸಿಕೊಂಡು ಬರುತ್ತದೆ. ಅತ್ತೆ, ಸೋದರಮಾವ, ತುಮಕೂರಿನ ದೊಡ್ಡಮ್ಮ ಎಂದು ನಾನೂ ಎಣಿಸುತ್ತಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಈ ಮಾತು. ಯಾರೂ ಹೋಗಿರಲಿಲ್ಲ. ಹೋಗಿದ್ದವನೆಂದರೆ ಬಾಖ್, ಅವನೂ 1750ರಲ್ಲೇ. ಅವನ ಹನ್ನೆರಡು ಗಂಟೆಯ ಸಂಗೀತ ಒಂದೇ ಕಟ್ಟಿನಲ್ಲಿ ಅಮೆರಿಕದ ಯಾವುದೋ ಡಿಜಿಟಲ್ ಅಂಗಡಿಯಲ್ಲಿ 99 ಸೆಂಟಿಗೆ ಸಿಕ್ಕಿತ್ತು. ಡಾಲರಿಗೆ 84ರಂತೆ 83 ರೂಪಾಯಿ ಚಿಲ್ಲರೆ. ಅದನ್ನು 720 ನಿಮಿಷಕ್ಕೆ ಭಾಗಿಸಿದರೆ ಹನ್ನೊಂದೂವರೆ ಪೈಸೆ.

ಮಾರನೆಯ ದಿನ ಸಂಜೆ ಮತ್ತೆ ಫೋನ್. ಈ ಸಲ ದನಿಯಲ್ಲಿ ಸೂತಕವಿತ್ತು. ವಿದೇಶೀ ವಿನಿಮಯಕ್ಕೆಂದು ಬ್ಯಾಂಕಿನವರು ನೂರಕ್ಕೆ ಮೂರೂವರೆ ಹಿಡಿದು, ಅದರ ಮೇಲೆ ಜಿಎಸ್‌ಟಿಯನ್ನೂ ಹಿಡಿದಿದ್ದರು. "ಹನ್ನೆರಡು ಪೈಸೆ ಆಗೋಯ್ತು."

"ಹೇಗಿದೆ ಭಾವ, ಸಂಗೀತ?" ಎಂದೆ.

"ಇನ್ನೂ ಕೇಳಿಲ್ಲ," ಎಂದರು, ಇದೆಂಥ ಪ್ರಶ್ನೆ ಎನ್ನುವಂತೆ.

ಇವರು ನನ್ನ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಯಜಮಾನರು. ವಯಸ್ಸು 68. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದು, ಇಂಥವೇ ಶುಲ್ಕಗಳನ್ನು ಊರವರಿಂದ ನಗುನಗುತ್ತಾ ವಸೂಲು ಮಾಡಿ ನಿವೃತ್ತರಾದವರು. ತ್ಯಾಗರಾಜನಗರದ ಅವರ ಮನೆಗೆ ಹೋದರೆ ಕಾಫಿಗಿಂತ ಮೊದಲು ಲ್ಯಾಪ್‌ಟಾಪ್ ಬರುತ್ತದೆ. ಇಂಥವರು ಈಗ ಒಂದೊಂದು ಬಡಾವಣೆಗೆ ಒಬ್ಬೊಬ್ಬರಾದರೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಿಲ್ಲ. ನೀವು ರಾಗದ ಹೆಸರು ಹೇಳಿದರೆ ಅವರು ರೇಟು ಹೇಳುತ್ತಾರೆ.

ಇದು ಇಂಟರ್‌ನೆಟ್ ಬಂದು ಹತ್ತಿದ ರೋಗ ಎಂದು ಅಕ್ಕ ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಹನ್ನೊಂದು ಕಳೆದ ಮೇಲೆ ಎಸ್‌ಟಿಡಿ ದರ ಕಾಲುಭಾಗಕ್ಕೆ ಇಳಿಯುತ್ತಿದ್ದ ಕಾಲದಲ್ಲಿ ಸ್ವೆಟರ್ ಹಾಕಿಕೊಂಡು ಬೂತಿನ ಮುಂದೆ ಸಾಲು ನಿಂತು, ಕೆಂಪು ಅಂಕಿ ಓಡುವುದರ ಮೇಲೆ ಕಣ್ಣಿಟ್ಟು ತಾಯಿಯ ಆರೋಗ್ಯ ವಿಚಾರಿಸುತ್ತಿದ್ದ ಮನುಷ್ಯ ಇವರು. ಮಂಡಿನೋವಿನ ವಿಷಯ ಶುರುವಾದರೆ "ಇನ್ನೊಂದು ಪಲ್ಸ್ ಬೀಳುತ್ತೆ, ಇಡ್ತೀನಮ್ಮ" ಎನ್ನುತ್ತಿದ್ದರು. ಸ್ವೀಡನ್ನಿನ ಇ-ಕ್ಲಾಸಿಕಲ್ ಎಂಬ ಅಂಗಡಿಯವರು ಸಂಗೀತಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆಂದು ಗೊತ್ತಾದ ದಿನ, ಜಗತ್ತಿನಲ್ಲಿ ತಮ್ಮಂಥವರು ಇನ್ನೂ ಇದ್ದಾರೆಂದು ಅವರಿಗೆ ಕಣ್ಣು ತುಂಬಿ ಬಂದಿತ್ತು.

ಗಾಂಧಿಬಜಾರಿನಲ್ಲಿ ಕಲಿತ ವಿದ್ಯೆಗಳೆಲ್ಲ ಅಲ್ಲೂ ನಡೆಯುತ್ತವೆ. ಅವರೆಕಾಯಿಯವನ ಹತ್ತಿರ ಬೆಲೆ ಕೇಳಿ, ಮುಖ ಸಿಂಡರಿಸಿ, ನಾಲ್ಕು ಹೆಜ್ಜೆ ಮುಂದೆ ಹೋದರೆ "ಬನ್ನಿ ಸಾರ್, ಕೊಡೋ ಮಾತು ಹೇಳಿ" ಎಂದು ಹಿಂದಿನಿಂದ ಕೂಗು ಬರುತ್ತದಲ್ಲ, ಹಾಗೆಯೇ ಆಲ್ಬಮ್ಮನ್ನು ಕಾರ್ಟಿಗೆ ಹಾಕಿ, ಹಣ ಕಟ್ಟದೆ ಎದ್ದು ಹೋಗಬೇಕು. ಮೂರನೆಯ ದಿನ ಅಂಗಡಿಯಿಂದ ಮೇಲ್: ಏನೋ ಬಿಟ್ಟು ಹೋಗಿದ್ದೀರಿ, ಇಗೊಳ್ಳಿ, ನೂರಕ್ಕೆ ಹತ್ತು ಬಿಟ್ಟಿದ್ದೇವೆ. ಮೊದಲ ಖರೀದಿಗೆ ಕೊಡುವ ಕೂಪನ್ನಿಗಾಗಿ ಮನೆಮಂದಿಯ ಹೆಸರಿನಲ್ಲೆಲ್ಲ ಖಾತೆಗಳಿವೆ. ನಮ್ಮ ಅತ್ತೆಗೆ ಎಂಬತ್ನಾಲ್ಕು ವರ್ಷ. ಅವರಿಗೊಂದು ಇ-ಮೇಲ್ ವಿಳಾಸವಿದೆ, ಆ ಸಂಗತಿ ಅವರಿಗೆ ಗೊತ್ತಿಲ್ಲ. ಪ್ರತಿವರ್ಷ ಅವರ ಹುಟ್ಟುಹಬ್ಬಕ್ಕೆ ಯುರೋಪಿನ ಜಾಸ್ ಅಂಗಡಿಯೊಂದು ತಪ್ಪದೆ ಶುಭಾಶಯ ಕಳಿಸುತ್ತದೆ. ಮಕ್ಕಳಾದ ನಾವು ಎರಡು ಸಲ ಮರೆತಿದ್ದೇವೆ.

ಹಬ್ಬಗಳ ಪಂಚಾಂಗವೂ ಬೇರೆ. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದವರು ಟರ್ಕಿ ಕೋಳಿ ತಿಂದು ಥ್ಯಾಂಕ್ಸ್‌ಗಿವಿಂಗ್ ಮಾಡುತ್ತಾರೆ, ಮಾರನೆಯ ದಿನ ಬ್ಲ್ಯಾಕ್ ಫ್ರೈಡೇ ಸೇಲು. ಈರುಳ್ಳಿಯನ್ನೂ ಒಳಗೆ ಸೇರಿಸದ ಮನೆಯಲ್ಲಿ ಕೂತು ಭಾವ ಆ ಕೋಳಿಯ ಹಬ್ಬಕ್ಕೆ ದಿನ ಎಣಿಸುತ್ತಾರೆ.

ಇಷ್ಟೇ ಆಗಿದ್ದರೆ ನಾನು ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲ. ಅವರ ಮನೆಯ ಬ್ರಾಡ್‌ಬ್ಯಾಂಡ್ ಪ್ಲಾನು ಇರುವುದರಲ್ಲೇ ಅಗ್ಗದ್ದು. ಕೋಟಾ ಮುಗಿದರೆ ವೇಗ ಎತ್ತಿನಗಾಡಿಗೆ ಇಳಿಯುತ್ತದೆ. ನಮ್ಮದು ಒಂದು ಮೆಟ್ಟಿಲು ಮೇಲಿನದು. ಹಾಗಾಗಿ ತಿಂಗಳ ಕೊನೆಯ ವಾರ ಭಾವನ ಸವಾರಿ ನಮ್ಮ ಮನೆಗೆ. ಬಟ್ಟೆಚೀಲದಲ್ಲಿ ಹಾರ್ಡ್‌ಡಿಸ್ಕು, ಅದರ ಮೇಲೆ ಅಕ್ಕ ಕೊಟ್ಟ ಚಟ್ನಿಪುಡಿ. "ಒಂದನೇ ತಾರೀಕಿಗೆ ನಿಮ್ಮ ಉಳಿದ ಡೇಟಾ ಸುಮ್ನೆ ಹಾಳಾಗಿ ಹೋಗುತ್ತಲ್ಲಯ್ಯಾ," ಎನ್ನುತ್ತಾರೆ, ಹಾಲು ಉಕ್ಕಿ ಹೋಗುವುದನ್ನು ತಡೆಯಲು ಓಡಿ ಬಂದವರಂತೆ.

ಒಂದು ಗಂಟೆಯ ಸಂಗೀತ 320 ಕೆಬಿಪಿಎಸ್ ಎಂಪಿ3ಯಲ್ಲಿ 144 ಎಂಬಿ. ಸಿ.ಡಿ. ಗುಣಮಟ್ಟದ ಫ್ಲ್ಯಾಕ್ ಆದರೆ ಹೆಚ್ಚುಕಡಿಮೆ 300. ಇನ್ನು 24 ಬಿಟ್, 96 ಕಿಲೋಹರ್ಟ್ಸ್ ಎಂಬ ಮಹಾಪ್ರಸಾದವಿದೆಯಲ್ಲ, ಅದು ಗಂಟೆಗೆ ಒಂದು ಜಿಬಿಯನ್ನೂ ದಾಟುತ್ತದೆ. ಮೂರಕ್ಕೂ ಒಂದೇ ಬೆಲೆ ಇದ್ದಾಗ ಭಾವ ಯಾವುದನ್ನು ಎತ್ತಿಕೊಳ್ಳುತ್ತಾರೆಂದು ಹೇಳಬೇಕಿಲ್ಲ. ತೂಕ ಹೆಚ್ಚಿರುವುದನ್ನು. 96 ಕಿಲೋಹರ್ಟ್ಸಿನ ಫೈಲಿನಲ್ಲಿ 48 ಕಿಲೋಹರ್ಟ್ಸಿನವರೆಗಿನ ದನಿ ಹಿಡಿಸುತ್ತದೆ. ಎಳೆಯ ಕಿವಿಗೂ 20ರ ಮೇಲೆ ಕೇಳಿಸುವುದಿಲ್ಲ. ಅದರಾಚೆಗಿನದೆಲ್ಲ ಬಾವಲಿಗಳ ಪಾಲು. ಭಾವನ ಕಿವಿಗೋ ಕುಕ್ಕರಿನ ಮೂರನೆಯ ಸೀಟಿಯೇ ಬೀಳುವುದಿಲ್ಲ ಎಂದು ಅಕ್ಕ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳಿಯಾರು.

ಹೋದ ವರ್ಷ ಅಂಥದೊಂದು ರಾತ್ರಿ ಭಾವ ನಮ್ಮಲ್ಲೇ ಉಳಿದರು. ಮೂವತ್ತು ಆಲ್ಬಮ್ಮುಗಳ ಒಂದು ಪೆಟ್ಟಿಗೆ. "ನೀವು ಮಲಗಿ, ಅದರ ಪಾಡಿಗೆ ಅದು ಇಳೀತಾ ಇರುತ್ತೆ." ನಾವು ಮಲಗಿದೆವು, ಅದು ಇಳಿಯಿತು. ಬೆಳಗ್ಗೆ ಒಂಬತ್ತಕ್ಕೆ ನನ್ನ ಮಗಳಿಗೆ ವಿಡಿಯೋದಲ್ಲಿ ಕೆಲಸದ ಸಂದರ್ಶನ. ಪಾಪ, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ಹಿಂದೆ ಕಾಣುವಂತೆ ನನ್ನ ಪುಸ್ತಕಗಳನ್ನು ಜೋಡಿಸಿಕೊಂಡು ಕೂತಿದ್ದಳು. "ನಿಮ್ಮ ಬಗ್ಗೆ ಹೇಳಿ" ಎಂದು ಅವರು ಕೇಳಿದರು, ಇವಳು ಬಾಯಿ ತೆರೆದಳು. ಅಲ್ಲಿಗೆ ನಮ್ಮ ಕೋಟಾ ಮುಗಿಯಿತು. ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಿತು, ದಂತವೈದ್ಯರ ಬೋರ್ಡಿನಂತೆ. ನಾನು ನಡುಮನೆಗೆ ಓಡಿ ಭಾವನನ್ನು ಅಲುಗಾಡಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಲ್ಯಾಪ್‌ಟಾಪ್ ನೋಡಿ, "92 ಪರ್ಸೆಂಟ್ ಆಗಿದೆ. ಮಗೂಗೆ ಒಂದು ಸ್ವಲ್ಪ ತಡ್ಕೋ ಅನ್ನು," ಎಂದರು.

ಮಗಳು ಕೊನೆಗೆ ಮೊಬೈಲಿನಿಂದ ಹೇಗೋ ಸಂಭಾಳಿಸಿಕೊಂಡಳು, ಕೆಲಸವೂ ಸಿಕ್ಕಿತು. ಆ 92 ಪರ್ಸೆಂಟಿನ ಫೈಲು ಪೂರ್ತಿ ಇಳಿದ ಮೇಲೆ ತೆರೆಯಲೇ ಇಲ್ಲ. ಎರಡು ವಾರದ ನಂತರ ಇನ್ನೊಂದು ಸತ್ಯ ಹೊರಬಿತ್ತು: ಅದೇ ಪೆಟ್ಟಿಗೆಯನ್ನು ಭಾವ ಮೂರು ವರ್ಷ ಹಿಂದೆ, ಇದಕ್ಕಿಂತ ಕಡಿಮೆ ಬೆಲೆಗೆ, ನಮ್ಮ ಅತ್ತೆಯ ಹೆಸರಿನಲ್ಲಿ ಕೊಂಡಿದ್ದರು. ಕೋಪ ಬಂದಿತ್ತು, ಆದರೆ ಆಗ ಅವರ ಮುಖ ನೋಡಿ ಏನೂ ಅನ್ನಲಾಗಲಿಲ್ಲ. ಎರಡು ಸಲ ಕೊಂಡದ್ದಕ್ಕೆ ಅವರಿಗೆ ಅಷ್ಟು ಬೇಸರವಿರಲಿಲ್ಲ. ಎರಡನೆಯ ಸಲ ಹೆಚ್ಚು ಕೊಟ್ಟೆನಲ್ಲಾ ಎಂಬುದಕ್ಕೆ ಮೂರು ದಿನ ಊಟ ರುಚಿಸಲಿಲ್ಲ.

ಜಿಪುಣ ಎಂದು ನೀವು ಅಂದುಕೊಳ್ಳುತ್ತಿದ್ದರೆ ಒಂದು ಪ್ರಸಂಗ ಹೇಳಬೇಕು. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಕಲಾವಿದರು ಇಷ್ಟಪಟ್ಟರೆ ಬೆಲೆಯನ್ನು ಕೊಳ್ಳುವವರಿಗೇ ಬಿಡಬಹುದು. ಸೊನ್ನೆ ಹಾಕಿದರೂ ಆಲ್ಬಮ್ ಸಿಗುತ್ತದೆ. ಯಾರೋ ಹೊಸ ಹುಡುಗ, ಕೊಳಲು. ಜೀವಮಾನವಿಡೀ ಚೌಕಾಶಿ ಮಾಡಿದವರ ಎದುರು ಅಂಗಡಿಯವನು ಕೈಕಟ್ಟಿ ನಿಂತು "ನೀವೇ ಹೇಳಿ" ಎಂದುಬಿಟ್ಟ. ಭಾವ ಸೋತುಹೋದರು. ಸೊನ್ನೆ ಒತ್ತಿದರು, ಅಳಿಸಿದರು. ಅರ್ಧ ಡಾಲರ್ ಹಾಕಿದರು, ಅಳಿಸಿದರು. ಎದ್ದು ಹೋಗಿ ಮಜ್ಜಿಗೆ ಕುಡಿದು ಬಂದರು. ಕೊನೆಗೆ ಅವರಿಗೆ ಹೊಳೆದದ್ದು ಮದುವೆಮನೆಯ ಮುಯ್ಯಿ. ಒಂದು ಡಾಲರ್ ಒಂದು ಸೆಂಟು ಕಟ್ಟಿದರು. ನೂರಾ ಒಂದು ಸೆಂಟು! "ಹುಡುಗ ಮುಂದೆ ಬರಲಿ," ಎಂದರು. ಆ ಆಲ್ಬಮ್ಮಿನ ನಿಮಿಷದ ಲೆಕ್ಕವನ್ನು ಅವರು ನನಗೆ ಇವತ್ತಿನವರೆಗೂ ಹೇಳಿಲ್ಲ.

ತಿಂಗಳಿಗಿಷ್ಟು ಕಟ್ಟಿದರೆ ಲೋಕದ ಹಾಡುಗಳೆಲ್ಲ ಮೊಬೈಲಿನಲ್ಲೇ ಹರಿದು ಬರುವಾಗ ಕೊಳ್ಳುವುದೇಕೆ ಎಂದು ಒಮ್ಮೆ ಕೇಳಿದ್ದೆ. "ಅದು ಬಾಡಿಗೆ ಮನೆ. ನಾಳೆ ಓನರು ಖಾಲಿ ಮಾಡು ಅಂದ್ರೆ?" ಎಂದರು. ನಿಜವೇ. ನನ್ನ ಪಟ್ಟಿಯಲ್ಲಿದ್ದ ಎರಡು ಹಾಡುಗಳು ಒಂದು ಬೆಳಗ್ಗೆ ಬೂದುಬಣ್ಣಕ್ಕೆ ತಿರುಗಿ ಮೂಕವಾಗಿದ್ದವು. ಆದರೆ ನಾನು ಲಕ್ಷಾಂತರ ಹಾಡುಗಳ ಬಾಡಿಗೆ ಕಟ್ಟಿಕೊಂಡು ಕಾಲೇಜಿನಲ್ಲಿ ಕೇಳುತ್ತಿದ್ದ ಅದೇ ಹದಿನೈದು ಹಾಡು ಕೇಳುವವನು. ಭಾವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿಂದ ಬರಬೇಕು?

ಆದರೂ ಹೇಳಿದೆ. 2016ರಲ್ಲಿ, ಮೊಟ್ಸಾರ್ಟ್ ತೀರಿಕೊಂಡು 225 ವರ್ಷವಾದಾಗ, ಅವನದೆಲ್ಲವನ್ನೂ ಸೇರಿಸಿ 200 ಸಿ.ಡಿ.ಗಳ ಪೆಟ್ಟಿಗೆ ಹೊರತಂದರು. 240 ಗಂಟೆಯ ಸಂಗೀತ. ಅದರ ಬೆಲೆ ಇಳಿಯಲೆಂದು ಭಾವ ಕಾಯುತ್ತಿದ್ದ ಕಾಲ. "ಮೂವತ್ತೈದಕ್ಕೇ ಸತ್ತವನು ಅಷ್ಟು ಬರೆದ. ನೀವು ಅರವತ್ತೆಂಟಕ್ಕೆ ಎಷ್ಟು ಕೇಳಿದ್ದೀರಿ ಭಾವ?" ಎಂದು ಕಾಗದ ಪೆನ್ನು ತೆಗೆದುಕೊಂಡು ಕೂತೆ. ಅವರ ಹಾರ್ಡ್‌ಡಿಸ್ಕು ಎರಡು ಟಿಬಿ, ಭರ್ತಿ. ಗಂಟೆಗೆ 300 ಎಂಬಿಯಂತೆ 6,600 ಗಂಟೆಗಿಂತ ಹೆಚ್ಚು. ದಿನಕ್ಕೊಂದು ಗಂಟೆ ತಪ್ಪದೆ ಕೇಳಿದರೂ ಹದಿನೆಂಟು ವರ್ಷ ಬೇಕು.

ನಾನು ಗೆದ್ದೆ ಎಂದುಕೊಂಡು ತಲೆ ಎತ್ತಿದೆ. ಅವರು ಕಾಗದವನ್ನು ತಿರುಗಿಸಿ ಲೆಕ್ಕ ತಾಳೆ ನೋಡಿದರು. "ಎಂಬತ್ತಾರು," ಎಂದರು. "ಅಲ್ಲಿವರೆಗಾದ್ರೂ ಇರ್ಬೇಕು ಅಂತಾಯ್ತಲ್ಲ." ಅಕ್ಕ ಒಳಗಿನಿಂದ ಸೌಟಿನ ಸದ್ದು ಜೋರು ಮಾಡಿದರು.

ಆಮೇಲೆ, ಕೇಳದೆಯೇ, ಧಾರವಾಡದ ವಿಷಯ ಹೇಳಿದರು. 1983ರಿಂದ ನಾಲ್ಕು ವರ್ಷ ಅಲ್ಲಿನ ಶಾಖೆಯಲ್ಲಿದ್ದರು. ಮಲ್ಲಿಕಾರ್ಜುನ ಮನ್ಸೂರರ ಊರು. ಯಾರದೋ ಮನೆಯ ಬೈಠಕ್ಕಿನಲ್ಲಿ ಮನ್ಸೂರರು ಬಸಂತಿ ಕೇದಾರ ಎತ್ತಿಕೊಂಡರಂತೆ, ಎರಡು ರಾಗ ಹೊಸೆದ ಜೋಡುರಾಗ. ಭಾವನಿಗೆ ಆ ದಿನ ಕ್ಯಾಷ್ ತಾಳೆಯಾಗದೆ ಬ್ಯಾಂಕಿನಿಂದ ಹೊರಡಲಾಗಲಿಲ್ಲ. ಸಹೋದ್ಯೋಗಿಯೊಬ್ಬರು ಸಿ-90 ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದರು. ಒಂದು ಬದಿಗೆ 45 ನಿಮಿಷ. ಆ ಪುಣ್ಯಾತ್ಮ ಸಂಗೀತದಲ್ಲಿ ಮೈಮರೆತು ಕ್ಯಾಸೆಟ್ ತಿರುವಿಹಾಕಲು ಮರೆತಿದ್ದ. ತಾನೊಂದು ಮೇಲೇರುತ್ತಾ ಏರುತ್ತಾ ಹೋಗಿ, ಟಕ್ಕೆಂದು ನಿಲ್ಲುತ್ತದೆ. ಅದು ಎಲ್ಲಿಗೆ ಬಂದು ಇಳಿಯಿತು ಎಂದು ತಿಳಿಯದೆ ನಲವತ್ತು ವರ್ಷ. ಈಚೆಗೆ ಅದೇ ಬೈಠಕ್ಕಿನ ಪೂರ್ತಿ ಧ್ವನಿಮುದ್ರಣ ಒಂದು ಕಡೆ ಮಾರಾಟಕ್ಕೆ ಬಂದಿದೆಯಂತೆ. ಬೆಲೆ 450 ರೂಪಾಯಿ.

"ಮತ್ತೆ?" ಎಂದೆ.

"ವಿಶ್‌ಲಿಸ್ಟಲ್ಲಿ ಹಾಕಿದೀನಿ. ಎರಡು ವರ್ಷ ಆಯ್ತು. ಇಳಿಯುತ್ತೆ."

ಮನೆಗೆ ಬಂದು ಅದನ್ನು ಅವರಿಗೆ ಕೊಂಡುಕೊಡಬೇಕೆಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೆ ನಾನೂ ಒಂದು ವಾರ ತಡೆದೆ, ಎಲ್ಲಾದರೂ ಇಳಿದೀತೇನೋ ಎಂದು. ಹೆಂಡತಿ ನನ್ನ ಮುಖ ನೋಡಿ ನಕ್ಕ ಮೇಲೆಯೇ ದುಡ್ಡು ಕಟ್ಟಿದ್ದು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಾಗ ಭಾವ ಹೆಸರು ಓದಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಬರಬೇಕಾದ ಪ್ರಶ್ನೆ ಬಂತು. "ಎಷ್ಟು ಕೊಟ್ಟೆ?"

ನಿಜ ಹೇಳಿದರೆ ಅವರು ಅದನ್ನು ಕೇಳಲಾರರು ಎಂದು ನನಗೆ ಗೊತ್ತಿತ್ತು. "ನೂರಾ ಹನ್ನೆರಡೂವರೆ. ಮುಕ್ಕಾಲು ಭಾಗ ಡಿಸ್ಕೌಂಟು. ಕೂಪನ್ ಇತ್ತು," ಎಂದೆ. ಮುಖ ಅರಳಿತು.

ಅವತ್ತು ರಾತ್ರಿ ಊಟವಾದ ಮೇಲೆ ದೀಪ ಆರಿಸಿ ಕೇಳಲು ಕೂತರಂತೆ. ಅಕ್ಕ ನನ್ನ ಹೆಂಡತಿಗೆ ಹೇಳಿದ್ದು. ಮುಕ್ಕಾಲು ಗಂಟೆ ಅಲುಗಾಡಲಿಲ್ಲವಂತೆ. ಆ ತಾನ್ ಮೇಲೇರುತ್ತಿದ್ದ ಜಾಗಕ್ಕೆ ಬರುವ ಹೊತ್ತಿಗೆ, ಗೊತ್ತಿಲ್ಲದೆಯೇ ಕುರ್ಚಿಯಿಂದ ಎದ್ದು ಒಂದು ಕೈ ಮುಂದೆ ಚಾಚಿದರಂತೆ, ಟೇಪ್‌ರೆಕಾರ್ಡರ್ ಆರಿಸಲು. ಹಾಡು ನಿಲ್ಲಲಿಲ್ಲ. ಚಾಚಿದ ಕೈ ಹಾಗೆಯೇ ಇಟ್ಟುಕೊಂಡು, ಮುಗಿಯುವವರೆಗೂ ಕತ್ತಲಲ್ಲಿ ನಿಂತೇ ಇದ್ದರಂತೆ.

ನಮ್ಮ ಮನೆಯ ಫೋನು ಬಡಿದುಕೊಂಡದ್ದು ಒಂದೂಕಾಲಿಗೆ. ಈ ಸಲ ನಾನು ಹಿರಿಯರನ್ನು ಎಣಿಸಲಿಲ್ಲ. "ಹೇಗಿತ್ತು ಭಾವ?" ಎಂದೆ.

ಒಂದಷ್ಟು ಹೊತ್ತು ಮಾತಿಲ್ಲ. ಗಂಟಲು ಸರಿಮಾಡಿಕೊಂಡರು. "ಅಲ್ಲಯ್ಯಾ, ಆ ಕೂಪನ್ ಕೋಡು ಏನು ಅಂದೆ?"

ನಿದ್ದೆಗಣ್ಣಿನಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಬಸಂತಿ 75."

ಎರಡೇ ನಿಮಿಷಕ್ಕೆ ಮತ್ತೆ ಫೋನ್. "ತಗೋತಾ ಇಲ್ವಲ್ಲೋ. ದೊಡ್ಡ ಅಕ್ಷರವೋ, ಚಿಕ್ಕ ಅಕ್ಷರವೋ?"